ತಂದಿಡಿ ಅಂದರು, ತಂದಿಟ್ಟರು: ಒಂದು ಕೇಪಿನ ಕೋವಿಯ ಕಡತ

ಈ ಕಡತದ ಮೇಲುಗಡೆ ಪಿನ್ ಹೊಡೆದಿರುವುದು ಒಂದು ಖಾಸಗಿ ಬಸ್ಸಿನ ಟಿಕೆಟ್. ಅದರ ಬೆನ್ನಿಗೆ ನೀಲಿ ಪೆನ್ನಿನಲ್ಲಿ ‘ಎಸ್‌ಬಿಎಂಎಲ್ 1, 22/3’ ಎಂದು ಗೀಚಿದೆ. ಸಹಿ ಇಲ್ಲ, ಮೊಹರಿಲ್ಲ. 71 ವರ್ಷದ ರೈತರೊಬ್ಬರು ಅಪ್ಪನ ಕಾಲದ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದಕ್ಕೆ ಅವರ ಕೈಲಿದ್ದ ಸಾಕ್ಷಿ ಅದೊಂದೇ.

ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಹೆಚ್ಚಾಗಿ ಬರುವುದು ಪಾಲು ವಿಭಾಗ, ದಾರಿ ತಕರಾರು, ಚೆಕ್ ಬೌನ್ಸ್. ಬಂದೂಕಿನ ಕೇಸು ಅಪರೂಪ. ಇದು ಕೋರ್ಟಿಗೂ ಹೋಗಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಲೈಸೆನ್ಸ್ ಇರುವ ಇಂಥ ಹತ್ತು ಜನರ ಹತ್ತಿರ ಕೂತರೆ ಎಂಟು ಜನ ಇದೇ ಕಥೆಯನ್ನು ಸ್ವಲ್ಪ ತಿರುಗಿಸಿ ಹೇಳುತ್ತಾರೆ. ಊರಿನ, ಠಾಣೆಯ, ಅಧಿಕಾರಿಗಳ ಹೆಸರು ಬಿಟ್ಟಿದ್ದೇನೆ. ಕಕ್ಷಿದಾರರನ್ನು ಊರಿನವರು ಕರೆಯುವ ಹಾಗೆ ಯಜಮಾನರು ಎಂದೇ ಕರೆಯುತ್ತೇನೆ.

ಯಜಮಾನರ ಜಮೀನು ತುಮಕೂರು ಜಿಲ್ಲೆಯಲ್ಲಿ, ಕೊರಟಗೆರೆಗೂ ಮಧುಗಿರಿಗೂ ನಡುವೆ, ಜಯಮಂಗಲಿ ಹೊಳೆಯಿಂದ ಸ್ವಲ್ಪ ಒಳಕ್ಕೆ. ಪಹಣಿಯಲ್ಲಿ 2 ಎಕರೆ 20 ಗುಂಟೆ. ಬೋರ್‌ವೆಲ್ ಇದೆ, ಬೇಸಿಗೆ ಕಡಲೆಕಾಯಿ ಇಡುತ್ತಾರೆ. ಹೊಲದ ಹಿಂದೆಯೇ ಗುಟ್ಟೆ, ಗುಟ್ಟೆ ತುಂಬ ಲಂಟಾನ, ಲಂಟಾನದೊಳಗೆ ಕಾಡುಹಂದಿ. ಎಸ್‌ಬಿಎಂಎಲ್ ಎಂದರೆ ಒಂಟಿ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ಬಂದೂಕು. ನಮ್ಮ ಕಡೆ ಅದನ್ನು ಕೇಪಿನ ಕೋವಿ ಅನ್ನುತ್ತಾರೆ, ಇನ್ನೂ ಹಳಬರು ತುಪಾಕಿ ಅನ್ನುತ್ತಾರೆ. ಅಪ್ಪ ತೀರಿಕೊಂಡ ಮೇಲೆ 1994ರಲ್ಲಿ ಲೈಸೆನ್ಸ್ ಇವರ ಹೆಸರಿಗೆ ಬಂತು. ಉದ್ದೇಶದ ಕಾಲಮಿನಲ್ಲಿ ‘ಬೆಳೆ ರಕ್ಷಣೆ’ ಎಂದಿದೆ. ಈ ಬಗೆಯ ಕೋವಿಗೆ ಕಾನೂನು ತುಸು ಮೃದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ, ನಿಜವಾಗಿ ಬೆಳೆ ಕಾಯಲು ಬಾಯಿಮದ್ದಿನ ಕೋವಿ ಕೇಳಿದವರಿಗೆ ಲೈಸೆನ್ಸ್ ‘ಕೊಡತಕ್ಕದ್ದು’ ಎನ್ನುತ್ತದೆ. ‘ಕೊಡಬಹುದು’ ಎನ್ನುವುದಿಲ್ಲ.

ಅದರಿಂದ ಹಂದಿ ಹೊಡೆಯಬಹುದು ಎಂದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಇರುವುದು 2ನೇ ಅನುಸೂಚಿಯಲ್ಲಿ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಂದರೆ ಬಂದೂಕಿನ ಲೈಸೆನ್ಸ್ ರಕ್ಷಣೆಗೆ ಬರುವುದಿಲ್ಲ. ಯಜಮಾನರು ಗುಂಡು ಹಾಕುವುದಿಲ್ಲ, ಬರೀ ಮದ್ದು ತುಂಬಿ ಮೇಲಕ್ಕೆ ಹಾರಿಸುತ್ತಾರೆ. ‘ಸದ್ದಿಗೇ ಓಡ್ತವೆ ಸ್ವಾಮಿ, ಹೊಡೆಯೋಕೆ ನಂಗೆ ಕಣ್ಣೂ ಕಾಣಲ್ಲ.’

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ನಮ್ಮ ಭಾಗದ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಮಾರ್ಚ್ 20ರ ಸಂಜೆ ಬೀಟ್ ಪೊಲೀಸರ ಫೋನು: ‘ಯಜಮಾನ್ರೆ, ಎಲೆಕ್ಷನ್ ಐತೆ, ಗನ್ ತಂದಿಟ್ಬಿಡಿ. ನಾಳೆ ನಾಡಿದ್ದರೊಳಗೆ ಎಲ್ಲಾರ್ದೂ ಜಮಾ ಆಗ್ಬೇಕು.’ ಎರಡು ದಿನ ಬಿಟ್ಟು ಇವರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಠಾಣೆಯ ರೈಟರ್ ಉದ್ದ ಪುಸ್ತಕದಲ್ಲಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು (ಇವರಿಗೆ ಸಹಿ ಮಾಡಲು ಬರುತ್ತದೆ, ಕೇಳಲಿಲ್ಲ). ರಸೀದಿ ಕೇಳಿದಾಗ, ‘ಬುಕ್ಕಲ್ಲಿ ಐತಲ್ಲ, ಎಲ್ಲಿಗೆ ಹೋಗ್ತದೆ?’ ಎಂದರು. ಮತ್ತೆ ಕೇಳಿದ್ದಕ್ಕೆ ಇವರ ಕೈಲಿದ್ದ ಟಿಕೆಟ್ಟನ್ನೇ ತಿರುಗಿಸಿ ಗೀಚಿ ಕೊಟ್ಟರು.

ಲೈಸೆನ್ಸುದಾರ ಅಲ್ಲಿ ಏನು ಕೇಳಬಹುದಿತ್ತು?

2009ರಲ್ಲಿ ಗೋವಾದ ಪ್ರಕರಣವೊಂದು ಬಾಂಬೆ ಹೈಕೋರ್ಟಿನ ಮುಂದೆ ಹೋಗಿತ್ತು. ಅದಾದ ಮೇಲೆ ಚುನಾವಣಾ ಆಯೋಗ ಒಂದು ಮಾರ್ಗಸೂಚಿ ಕಳಿಸಿತು. ಅದರ ಪ್ರಕಾರ ಜಿಲ್ಲೆಗೊಂದು ಸ್ಕ್ರೀನಿಂಗ್ ಕಮಿಟಿ ಇರಬೇಕು, ಅದರಲ್ಲಿ ಜಿಲ್ಲಾ ದಂಡಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ಕೂರಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ, ಅದರಲ್ಲೂ ಚುನಾವಣೆ ಗಲಭೆಯಲ್ಲಿ ಸಿಕ್ಕವರು ಯಾರು ಎಂದು ಲೈಸೆನ್ಸುಗಳನ್ನು ಸೋಸಿ ನೋಡಬೇಕು. ನಾಮಪತ್ರ ಶುರುವಾಗುವ ಮುಂಚೆ ಈ ಕೆಲಸ ಮುಗಿಯಬೇಕು. ಹೀಗೆ ಸೋಸಿದಾಗ ಪಟ್ಟಿಗೆ ಬಂದವರಿಗೆ ಒಬ್ಬೊಬ್ಬರಿಗೂ ನೋಟಿಸ್ ಕೊಡಬೇಕು. ಅವರು ನಾಮಪತ್ರ ವಾಪಸಿನ ಕೊನೇ ದಿನದಿಂದ 7 ದಿನದೊಳಗೆ ಬಂದೂಕು ಒಪ್ಪಿಸಬೇಕು, ಆಡಳಿತ ಅದಕ್ಕೆ ಸರಿಯಾದ ರಸೀದಿ ಕೊಡಬೇಕು. ಫಲಿತಾಂಶ ಬಂದು ವಾರಕ್ಕೆ ಬಂದೂಕು ವಾಪಸ್ ಆಗಬೇಕು.

ನಮ್ಮ ಹಂತದಲ್ಲಿ ನಾಮಪತ್ರ ಶುರುವಾದದ್ದು ಮಾರ್ಚ್ 28, ವಾಪಸಿನ ಕೊನೇ ದಿನ ಏಪ್ರಿಲ್ 8. ಯಜಮಾನರ ಹೆಸರು ಆ ಪಟ್ಟಿಯಲ್ಲೇ ಇದ್ದಿದ್ದರೂ ಏಪ್ರಿಲ್ 15ರವರೆಗೆ ಕೋವಿ ಅವರ ಮನೆಯ ಅಟ್ಟದ ಮೇಲೆ ಇರಬಹುದಿತ್ತು.

ಹಾಗಾದರೆ ‘ಎಲ್ಲರೂ ತಂದಿಡಿ’ ಎಲ್ಲಿಂದ ಬಂತು? ನನಗೆ ಕಂಡಂತೆ ಎರಡು ಬೇರೆ ಆದೇಶಗಳು ಒಂದಾಗಿವೆ. ಘೋಷಣೆಯ ದಿನದಿಂದ ಫಲಿತಾಂಶದವರೆಗೆ ಲೈಸೆನ್ಸ್ ಇರುವ ಆಯುಧವನ್ನೂ ಹೊತ್ತು ತಿರುಗಬಾರದು ಎಂದು ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ ಅಡಿ ನಿಷೇಧಾಜ್ಞೆ ಹೊರಡಿಸಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆ ಆಜ್ಞೆ ಎಲ್ಲರಿಗೂ ಅನ್ವಯ. ಆದರೆ ಹೊತ್ತು ತಿರುಗಬೇಡ ಎನ್ನುವುದು ಬೇರೆ, ತಂದು ಒಪ್ಪಿಸು ಎನ್ನುವುದು ಬೇರೆ. ಮೇಲಿನ ಕಚೇರಿಯಿಂದ ಹೊರಟ ಕಾಗದ ವೈರ್‌ಲೆಸ್ಸಿಗೆ ಇಳಿದು, ಅಲ್ಲಿಂದ ಠಾಣೆಯ ವಾಟ್ಸಾಪ್ ಗುಂಪಿಗೆ ಇಳಿದು, ಕೊನೆಗೆ ಬೀಟಿನವರ ಬಾಯಿಗೆ ಬರುವ ಹೊತ್ತಿಗೆ ಅದರ ಷರತ್ತುಗಳೆಲ್ಲ ದಾರಿಯಲ್ಲೇ ಉದುರಿಹೋಗಿರುತ್ತವೆ. ಅವರಿಗೆ ಮೇಲಕ್ಕೆ ಕಳಿಸಬೇಕಾದ ತಃಖ್ತೆಯಲ್ಲಿ ಒಟ್ಟು ಲೈಸೆನ್ಸ್, ಜಮಾ ಆದದ್ದು, ಬಾಕಿ ಎಂಬ ಮೂರು ಕಾಲಮು. ಬಾಕಿ ಕಾಲಮಿನಲ್ಲಿ ಸೊನ್ನೆ ಕಂಡರೆ ಯಾರೂ ಫೋನು ಮಾಡಿ ಬೈಯುವುದಿಲ್ಲ. ಇದರಲ್ಲಿ ದುರುದ್ದೇಶ ಹುಡುಕಿ ನಾನು ಸುಸ್ತಾಗಲಿಲ್ಲ, ಯಾಕೆಂದರೆ ಇರಲಿಲ್ಲ.

ಏಪ್ರಿಲ್ ಕೊನೆಯಲ್ಲಿ, ಮತದಾನ ಮುಗಿದ ಮೂರನೇ ರಾತ್ರಿ, ಹಂದಿಗಳು ಇಳಿದವು. ಮಾರನೇ ಬೆಳಿಗ್ಗೆ ಇನ್ನೊಂದು ಕೇಸಿನ ಜಾಗ ನೋಡಲು ಆ ಕಡೆ ಹೋಗಿದ್ದ ನಾನು ಹೊಲ ನೋಡಿದೆ. ರಂಟೆ ಹೊಡೆದ ಹಾಗೆ ಸಾಲು ಸಾಲೇ ಮಗುಚಿ ಬಿದ್ದಿತ್ತು. ಬೇರು ಮೇಲಾಗಿ, ಎಲೆ ಇನ್ನೂ ಬಾಡಿರಲಿಲ್ಲ. ಕಾಯಿ ಅಗಿದು ಉಗಿದ ಸಿಪ್ಪೆ ತೊಪ್ಪೆ ತೊಪ್ಪೆಯಾಗಿ ಬಿದ್ದಿತ್ತು, ಡ್ರಿಪ್ ಪೈಪು ಎರಡು ಕಡೆ ಹರಿದು ನೀರು ಸುಮ್ಮನೆ ಬಸಿಯುತ್ತಿತ್ತು. ಹತ್ತು ಹನ್ನೆರಡು ದಿನ ತಡೆದಿದ್ದರೆ ಕೀಳುವ ಬೆಳೆ. ಯಜಮಾನರ ಹೆಂಡತಿ ಉಳಿದ ಗಿಡ ಕಿತ್ತು ಕಾಯಿ ಬಿಡಿಸುತ್ತಾ ಕೂತಿದ್ದರು. ನನ್ನ ಕಡೆ ನೋಡದೆಯೇ, ‘ರಾತ್ರಿಯೆಲ್ಲ ತಟ್ಟೆ ಬಡಿದ್ವಿ’ ಎಂದರು.

ಅಲ್ಲೇ, ಬದುವಿನ ಮೇಲೆ ನಿಂತುಕೊಂಡು ಯಜಮಾನರು ಕೇಳಿದರು: ‘ಕೊಡಗಿನೋರಿಗೆ ಲೈಸೆನ್ಸೇ ಬೇಡವಂತಲ್ಲ ಸ್ವಾಮಿ, ನಮಗ್ಯಾಕೆ ಹಿಂಗೆ?’ ಹೌದು, ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ, ಅದನ್ನು 2019ರಲ್ಲಿ 2029ರವರೆಗೆ ವಿಸ್ತರಿಸಿದ್ದಾರೆ. ಅದರ ಇತಿಹಾಸವೇ ಬೇರೆ ಎಂದು ಹೇಳಿದೆ. ಹಂದಿಯ ಇತಿಹಾಸ ಎರಡು ಕಡೆಯೂ ಒಂದೇ ಅಲ್ಲವೇ ಎಂದರು. ಉತ್ತರ ಹೊಳೆಯಲಿಲ್ಲ.

ಕೇಸು ನನ್ನ ಕೈಗೆ ಬಂದದ್ದು ಆಗ. ಆಗಲೇ ಎರಡನೇ ತೊಡಕು ಬಾಗಿಲಲ್ಲಿ ನಿಂತಿತ್ತು. ಲೈಸೆನ್ಸ್ ಪುಸ್ತಕ ತೆಗೆದು ನೋಡಿದರೆ ಅವಧಿ ಜುಲೈ 18ಕ್ಕೆ ಮುಗಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನವೀಕರಣದ ಅರ್ಜಿ 60 ದಿನ ಮೊದಲೇ ಹೋಗಬೇಕು, ಅಂದರೆ ಮೇ 19ರೊಳಗೆ. ಯಜಮಾನರಿಗೆ ಇದರ ಸುಳಿವೇ ಇರಲಿಲ್ಲ. ನಾನು ಪುಸ್ತಕ ಕೇಳದಿದ್ದರೆ ಆ ದಿನವೂ ದಾಟಿಹೋಗುತ್ತಿತ್ತು, ಆಗ ತಪ್ಪು ಪೂರ್ತಿ ಇವರದೇ ಆಗುತ್ತಿತ್ತು. ಲೈಸೆನ್ಸುದಾರರು ಅಧಿಕಾರಿಗಳನ್ನು ಬೈಯುವಷ್ಟು ಸಲ ತಮ್ಮ ಪುಸ್ತಕದ ಕೊನೇ ಹಾಳೆ ತಿರುವುವುದಿಲ್ಲ.

ಪರವಾನಗಿ ಕಚೇರಿಯ ಕೌಂಟರಿನಲ್ಲಿ ಗುಮಾಸ್ತರು ಅರ್ಜಿ ತಿರುವಿ ಹಾಕಿ ಮೂರು ತಕರಾರು ಹೇಳಿದರು. ಒಂದು, ತಪಾಸಣೆಗೆ ಬಂದೂಕು ಹಾಜರುಪಡಿಸಿಲ್ಲ. ಎರಡು, ಎರಡೂವರೆ ಎಕರೆಗೆ ಬಂದೂಕು ಯಾಕೆ? ಮೂರು, ‘ಇವರಿಗೆ ಎಪ್ಪತ್ತು ದಾಟಿದೆ. ಎಪ್ಪತ್ತಾದ ಮೇಲೆ ರಿನೀವಲ್ ಇಲ್ಲ, ಮಗನ ಹೆಸರಿಗೆ ಮಾಡಿಸಿ.’

ಮೊದಲನೆಯದು ಕೇಳಿ ನನಗೆ ನಗು ಬಂತು, ಯಜಮಾನರಿಗೆ ಬರಲಿಲ್ಲ. ಬಂದೂಕು ಸರ್ಕಾರದ ಒಂದು ಕೈಯಲ್ಲಿದೆ, ಇನ್ನೊಂದು ಕೈ ಅದನ್ನು ತೋರಿಸು ಎನ್ನುತ್ತಿದೆ. ಎರಡನೆಯದಕ್ಕೆ ಕಾಯ್ದೆಯಲ್ಲೇ ನೇರ ಉತ್ತರವಿದೆ. 14ನೇ ಕಲಮಿನ 2ನೇ ಉಪಕಲಂ ಪ್ರಕಾರ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ, ಹೊಸದಕ್ಕೆ ಅನ್ವಯಿಸುವುದೇ ನವೀಕರಣಕ್ಕೂ ಅನ್ವಯ.

ಮೂರನೆಯದು ಸ್ವಾರಸ್ಯದ್ದು, ಅದು ಗಾಳಿಯಿಂದ ಬಂದದ್ದಲ್ಲ. 2016ರ ನಿಯಮಗಳಲ್ಲಿ 25ನೆಯದು ವಾರಸುದಾರರ ಬಗ್ಗೆ ಹೇಳುತ್ತದೆ. ಲೈಸೆನ್ಸುದಾರರಿಗೆ 70 ವರ್ಷವಾದಾಗ, ಇಲ್ಲವೇ ಅವರು ಬಂದೂಕು ಇಟ್ಟುಕೊಂಡು 25 ವರ್ಷವಾದಾಗ, ಯಾವುದು ಮೊದಲೋ ಆಗ, ಅವರು ಸೂಚಿಸಿದ ವಾರಸುದಾರರಿಗೆ ಲೈಸೆನ್ಸ್ ಕೊಡಬಹುದು. ಸಾಯುವವರೆಗೆ ಕಾಯದೆ ಮಗನಿಗೋ ಮಗಳಿಗೋ ದಾಟಿಸಲಿ ಎಂಬ ಅನುಕೂಲ ಅದು. ಗುಮಾಸ್ತರು ಬಾಗಿಲನ್ನು ಗೋಡೆ ಎಂದು ಓದಿದ್ದರು. ಅವರ ಲೆಕ್ಕವನ್ನೇ ಒಪ್ಪಿದರೆ 1994ರಿಂದ ಕೋವಿ ಇಟ್ಟುಕೊಂಡ ಇವರ ಲೈಸೆನ್ಸ್ 25 ವರ್ಷ ತುಂಬಿದ 2019ರಲ್ಲೇ ಸತ್ತಿರಬೇಕಿತ್ತು. ಆದರೆ 2021ರಲ್ಲಿ ಇದೇ ಕಚೇರಿ ನವೀಕರಿಸಿದೆ! ಹಾಗೆಂದು ಹೇಳಿದೆ. ‘ಆಗ ಬೇರೆಯವರಿದ್ರು’ ಎಂದರು.

ಒಂದು ಮಾತಿನಲ್ಲಿ ಮಾತ್ರ ಅವರ ಪರ ವಾದವಿತ್ತು. 2019ರ ಡಿಸೆಂಬರ್ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5ಕ್ಕೆ ಏರಿದೆ. 2021ರ ನವೀಕರಣವನ್ನು 3ಕ್ಕೇ ಯಾಕೆ ಕೊಟ್ಟಿರಿ ಎಂದು ನಾನು ಜೋರು ಮಾಡಿದೆ. 15ನೇ ಕಲಂ ತಿರುವಿ ತೋರಿಸಿದರು: ಮೂಲದಲ್ಲಿ ಎಷ್ಟು ಅವಧಿಗೆ ಕೊಟ್ಟಿತ್ತೋ ಅಷ್ಟೇ ಅವಧಿಗೆ ನವೀಕರಣ ಎಂದಿದೆ, ಇವರದು ಮೂಲದಲ್ಲಿ 3. ವಾದ ಮಾಡಬಹುದು, ಆದರೆ ಅವರು ಓದಿದ್ದು ತಪ್ಪು ಎಂದು ಎದೆತಟ್ಟಿ ಹೇಳಲಾರೆ. ಸುಮ್ಮನಾದೆ.

ಇಷ್ಟಾದ ಮೇಲೆ ನಾನು ಕೇಳಿದ್ದು ಒಂದೇ. ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಹಿಂಬರಹ ಕೊಡಿ. ನಮ್ಮ ರಾಜ್ಯದ ಕಚೇರಿಗಳಲ್ಲಿ ಹಿಂಬರಹ ಎಂಬ ಪದಕ್ಕೆ ಇರುವ ಶಕ್ತಿ ಕಾಯ್ದೆ ಪುಸ್ತಕಕ್ಕಿಲ್ಲ. ಬಾಯಲ್ಲಿ ಹತ್ತು ಕಾನೂನು ಹೇಳುವವರು ಒಂದು ಸಾಲು ಬರೆದು ಸಹಿ ಹಾಕಿ ಎಂದರೆ, ‘ನಾಳೆ ಬನ್ನಿ, ಸಾಹೇಬ್ರನ್ನ ಕೇಳಿ ಹೇಳ್ತೀನಿ’ ಎನ್ನುತ್ತಾರೆ. ಈ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಲೈಸೆನ್ಸ್ ತಡೆಹಿಡಿಯುವುದು, ರದ್ದು ಮಾಡುವುದು 17ನೇ ಕಲಂ ಪ್ರಕಾರ ಲಿಖಿತ ಕಾರಣದೊಂದಿಗೆ ಆಗಬೇಕು. ನಿರಾಕರಿಸಿದರೂ 14ನೇ ಕಲಂ ಪ್ರಕಾರ ಕಾರಣ ಬರೆಯಬೇಕು. ಅಂಥ ಆದೇಶದ ಮೇಲೆ 18ನೇ ಕಲಂ ಅಡಿ ಮೇಲ್ಮನವಿ ಹೋಗಬಹುದು. ಬರಹವೇ ಇಲ್ಲದಿದ್ದರೆ ಮೇಲ್ಮನವಿ ಯಾವುದರ ಮೇಲೆ? ಫೋನಿನಲ್ಲಿ ಬಂದ ಕಾನೂನಿಗೆ, ಕೌಂಟರಿನಲ್ಲಿ ಹೇಳಿದ ಕಾನೂನಿಗೆ ಅಪೀಲಿಲ್ಲ.

ಹಿಂಬರಹ ಸಿಗಲಿಲ್ಲ. ಮೇ 17ರಂದು ಅರ್ಜಿ, ಶುಲ್ಕದ ಚಲನ್, ಲೈಸೆನ್ಸಿನ ನಕಲು ಎಲ್ಲವನ್ನೂ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಜೊತೆಗೆ ಒಂದು ಪತ್ರ: ಬಂದೂಕು ಮಾರ್ಚ್ 22ರಿಂದ ಇಂಥ ಠಾಣೆಯ ವಶದಲ್ಲಿದೆ, ತಪಾಸಣೆಯನ್ನು ಅಲ್ಲೇ ಮಾಡಿಸಬಹುದು. ಬಸ್ ಟಿಕೆಟ್ಟಿನ ಜೆರಾಕ್ಸನ್ನೂ ಲಗತ್ತಿಸಿದೆ. ಅಂಗಡಿ ಹುಡುಗ, ‘ಸಾರ್, ಇದ್ಯಾಕೆ?’ ಅಂದ.

ಜೂನ್ 4ಕ್ಕೆ ಫಲಿತಾಂಶ. 11ಕ್ಕೆ ವಾರ. 12ರಂದು ಯಜಮಾನರು ಠಾಣೆಗೆ ಹೋದರೆ, ಶಿಕ್ಷಕರ ಕ್ಷೇತ್ರದ ಎಲೆಕ್ಷನ್ ಇದೆ, ಕೋಡ್ ಮುಗಿದಿಲ್ಲ ಎಂಬ ಉತ್ತರ. ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ದಾವಣಗೆರೆಯ ಕೆಲವು ತಾಲ್ಲೂಕು ಸೇರುತ್ತವೆ, ಅದು ನಿಜ. ಅದರ ಮತದಾನ ಜೂನ್ 3ಕ್ಕೆ, ಎಣಿಕೆ 6ಕ್ಕೆ ಆಗಿಹೋಗಿತ್ತು, ಅದೂ ನಿಜ. ಮೇಷ್ಟ್ರುಗಳ ಚುನಾವಣೆಗೆ ಕೇಪಿನ ಕೋವಿಯ ಭಯ ಯಾರಿಗಿತ್ತೋ.

ನಾನು ಅಷ್ಟರಲ್ಲಿ, ಜೂನ್ 10ರಂದು, ಯಜಮಾನರ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, ಎರಡೇ ಪ್ರಶ್ನೆ. ಆಯುಧ ಠೇವಣಿಗೆ ಸಂಬಂಧಿಸಿದ ಆದೇಶದ ಪ್ರತಿ ಕೊಡಿ. ಸ್ಕ್ರೀನಿಂಗ್ ಕಮಿಟಿ ಈ ಠಾಣೆಗೆ ಕಳಿಸಿದ ಪಟ್ಟಿಯಲ್ಲಿ ಅರ್ಜಿದಾರನಾದ ನನ್ನ ಹೆಸರಿದೆಯೇ ತಿಳಿಸಿ. ಇಡೀ ಪಟ್ಟಿ ಕೇಳಿದ್ದರೆ ಬೇರೆಯವರ ಖಾಸಗಿ ಮಾಹಿತಿ ಎಂದು ತಳ್ಳಿಹಾಕಬಹುದಿತ್ತು. ತನ್ನ ಹೆಸರು ತಾನೇ ಕೇಳಿದರೆ ತಳ್ಳುವುದು ಕಷ್ಟ. ಜುಲೈ 8ಕ್ಕೆ ಉತ್ತರ ಬಂತು. ಆದೇಶ ಎರಡು ಪುಟ, ಚೊಕ್ಕವಾಗಿತ್ತು, ಮಾರ್ಗಸೂಚಿಯ ಮಾತುಗಳೇ ಇದ್ದವು: ಜಾಮೀನು, ಅಪರಾಧ ಹಿನ್ನೆಲೆ, ಗಲಭೆ. ಎರಡನೇ ಪ್ರಶ್ನೆಗೆ ಒಂದೇ ಸಾಲು: ‘ಸದರಿಯವರ ಹೆಸರು ಪಟ್ಟಿಯಲ್ಲಿ ಕಂಡುಬರುವುದಿಲ್ಲ.’

ಅಂದರೆ ಆದೇಶ ಹೊರಡಿಸಿದವರು ಕಾನೂನು ಸರಿಯಾಗಿಯೇ ಓದಿದ್ದರು. ಯಜಮಾನರ ಕೋವಿ ಕೇಳಿದವರು ಯಾರೂ ಇರಲಿಲ್ಲ, ಆದರೂ ಅದು ನೂರು ದಿನ ದಾಟಿ ಠಾಣೆಯಲ್ಲಿತ್ತು.

ಉತ್ತರ ಹಿಡಿದು ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ರಜೆ, ನಂತರ ಬಂದೋಬಸ್ತು, ನಂತರ ವರ್ಗಾವಣೆ. ಜುಲೈ 18 ದಾಟಿತು. 19ರಿಂದ ಹೊಸ ರಾಗ: ‘ಈಗ ಲೈಸೆನ್ಸೇ ಎಕ್ಸ್‌ಪೈರಿ ಸಾರ್. ಕೊಟ್ರೆ ನಮ್ಮ ಮೇಲೆ ಬರ್ತದೆ.’ ಬೇಸರದ ಸಂಗತಿಯೆಂದರೆ, ಆ ಮಾತಿನಲ್ಲಿ ಅರ್ಥವಿತ್ತು. ಚಾಲ್ತಿ ಲೈಸೆನ್ಸಿಲ್ಲದವರ ಕೈಗೆ ಬಂದೂಕು ಕೊಡಲಾಗದು. 21ನೇ ಕಲಂ ಪ್ರಕಾರ ಠೇವಣಿಯಾದ ಆಯುಧವನ್ನು ಹಕ್ಕು ಮರಳಿದಾಗ ವಾಪಸ್ ಪಡೆಯಬಹುದು, ಆದರೆ ನಿಗದಿತ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರದ ಪಾಲಾಗಬಹುದು. ನವೀಕರಣವಾಗದೆ ಕೋವಿಯಿಲ್ಲ, ಕೋವಿ ತೋರಿಸದೆ ನವೀಕರಣವಿಲ್ಲ.

ಹೈಕೋರ್ಟಿಗೆ ರಿಟ್ ಹಾಕೋಣವೇ ಎಂದು ಒಬ್ಬ ಕಿರಿಯ ವಕೀಲರು ಉತ್ಸಾಹ ತೋರಿದರು. ಕೋವಿಯ ಬೆಲೆಗಿಂತ ಬೆಂಗಳೂರಿಗೆ ಓಡಾಡುವ ಖರ್ಚೇ ಹೆಚ್ಚಾಗುತ್ತಿತ್ತು. ಎರಡು ಪುಟದ ಮನವಿ ಬರೆದೆ. ಆರೋಪ ಒಂದೂ ಇಲ್ಲ, ಬರೀ ದಿನಾಂಕಗಳು, ಪಕ್ಕದಲ್ಲಿ ಲಗತ್ತಿನ ಸಂಖ್ಯೆ. ಆಗಸ್ಟಿನಲ್ಲಿ ಸಾರ್ವಜನಿಕ ಅಹವಾಲಿನ ದಿನ ಯಜಮಾನರನ್ನು ಕರೆದುಕೊಂಡು ಹೋಗಿ ಹಿರಿಯ ಅಧಿಕಾರಿಯ ಮುಂದೆ ನಿಲ್ಲಿಸಿದೆ.

ಅಧಿಕಾರಿ ಮನವಿ ಪೂರ್ತಿ ಓದಿದರು. ಟಿಕೆಟ್ಟಿನ ಜೆರಾಕ್ಸನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಗುಮಾಸ್ತರನ್ನು ಕರೆದು 25ನೇ ನಿಯಮವನ್ನು ಗಟ್ಟಿಯಾಗಿ ಓದಲು ಹೇಳಿದರು. ‘ಕೊಡಬಹುದು’ ಎಂಬಲ್ಲಿಗೆ ಬಂದಾಗ ಗುಮಾಸ್ತರ ದನಿ ತಾನೇ ತಗ್ಗಿತು. ‘ಬಂದೂಕು ಎಲ್ಲಿದೆ?’ ‘ಸ್ಟೇಷನ್ನಲ್ಲಿ ಸಾರ್.’ ‘ತಪಾಸಣೆ ವರದಿ ಯಾರು ಕೊಡಬೇಕು?’ ‘ಸ್ಟೇಷನ್ನೋರೇ ಸಾರ್.’ ಐದು ನಿಮಿಷ ಸಾಕಾಯಿತು. ಐದು ತಿಂಗಳು ಯಾರಿಗೂ ಹೊಳೆಯದ ಉಪಾಯವೇನಲ್ಲ ಅದು, ನನ್ನ ಮೇ ತಿಂಗಳ ಪತ್ರದಲ್ಲೇ ಇತ್ತು. ಪೊಲೀಸ್ ವರದಿ 30 ದಿನದೊಳಗೆ ಬರಬೇಕೆಂದು ನಿಯಮವಿದೆ, ಬರೆದು ಕೇಳಿದ ಮೇಲೆ 11 ದಿನಕ್ಕೇ ಬಂತು.

ಲೈಸೆನ್ಸ್ ನವೀಕರಣವಾಯಿತು, 5 ವರ್ಷಕ್ಕೆ. ಯಾವ ವ್ಯಾಖ್ಯಾನದ ಮೇಲೆ ಎಂದು ನಾನು ಕೇಳಲಿಲ್ಲ.

ಸೆಪ್ಟೆಂಬರ್ ಮಧ್ಯದಲ್ಲಿ ಕೋವಿ ವಾಪಸ್ ಸಿಕ್ಕಿತು. ಈ ಸಲ ರೈಟರ್ ಬೇರೆ, ಸಹಿ ಹಾಕಿಸಿಕೊಂಡರು, ವಾಪಸಿಗೆ ರಸೀದಿಯನ್ನೂ ಕೊಟ್ಟರು. ಗೋಣಿಚೀಲ ಅದೇ. ಹೊರಗೆ ಬಂದು ಹೊಂಗೆ ಮರದ ಕೆಳಗೆ ಬಿಚ್ಚಿದರೆ, ನಳಿಗೆಯ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿ ಮುಚ್ಚಿಬಿಟ್ಟಿತ್ತು. ಯಜಮಾನರು ಕಡ್ಡಿಯಿಂದ ಕೆರೆದು, ಗಜವನ್ನು (ಮದ್ದು ಜಡಿಯುವ ಸರಳು) ಒಳಗೆ ಬಿಟ್ಟು ಎಳೆದರು. ಕೆಂಪು ಪುಡಿ ಬಂತು. ಇನ್ನೊಮ್ಮೆ ಎಳೆದರು, ಇನ್ನೂ ಬಂತು. ಕರಿಮದ್ದಿನ ಮಸಿ ತೇವ ಹೀರುತ್ತದೆ. ಹಾರಿಸಿದ ಮೇಲೆ ಬಿಸಿನೀರಲ್ಲಿ ತೊಳೆದು ಎಣ್ಣೆ ಹಚ್ಚದಿದ್ದರೆ ಕಬ್ಬಿಣವನ್ನು ತಿನ್ನುತ್ತದೆ. ಮಾರ್ಚ್ 19ರ ರಾತ್ರಿ ಹಂದಿಗೆ ಒಂದು ಸಲ ಹಾರಿಸಿದ್ದರಂತೆ. ಫೋನು ಬಂದ ಗಡಿಬಿಡಿಯಲ್ಲಿ ತೊಳೆದಿರಲಿಲ್ಲ. ‘ಅದು ನನ್ನ ತಪ್ಪೇ’ ಎಂದರು, ಯಾರೂ ಕೇಳದಿದ್ದರೂ.

ಊರಿನ ಆಚಾರಿ ಕೈಗೆತ್ತಿಕೊಂಡು ನೋಡಿ ವಾಪಸ್ ಕೊಟ್ಟ. ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು, 5ನೇ ಕಲಂ. ಇದನ್ನು ಮಾತ್ರ ಅವನಿಗೆ ಯಾರೋ ಸರಿಯಾಗಿ ಹೇಳಿದ್ದರು. ಬೆಂಗಳೂರಿನ ಪರವಾನಗಿ ಇರುವ ಅಂಗಡಿಯವರು ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಮದ್ದು ತುಂಬಬೇಡಿ, ಸಿಡಿಯಬಹುದು ಎಂದಿದ್ದಾರೆ. ನಳಿಗೆ ಬದಲಾಯಿಸಲು ಮತ್ತೆ ಪರವಾನಗಿ ಕಚೇರಿಯ ಅನುಮತಿ ಬೇಕು. ಅರ್ಜಿ ಬರೆದಿಟ್ಟಿದ್ದೇನೆ. ಯಜಮಾನರು ಈ ಬೇಸಿಗೆ ಕಡಲೆಕಾಯಿ ಇಡಲಿಲ್ಲ.